ಕಾರು ಕಾರ್ಖಾನೆಯ ಹೊಸಬರ ಸಂಬಳ: ಕಡೂರು ಸೀಮೆಗೆ ಮುನ್ನೆಚ್ಚರಿಕೆ

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಎಲ್ಲಿಯೂ ಕಾರು ತಯಾರಾಗುವುದಿಲ್ಲ. ಆದರೂ ಕಾರು ಕಾರ್ಖಾನೆಯ ಸಂಬಳ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಈಗ ನಮ್ಮ ಮನೆಗಳ ಲೆಕ್ಕವಾಗಿದೆ. ತೆಂಗಿನ ತೋಟಕ್ಕೆ ನೀರು ಸಾಲದ ಕಡೂರಿನ ಹಳ್ಳಿಯಿಂದ, ಈರುಳ್ಳಿ ರೇಟು ಬಿದ್ದು ಕೈಸುಟ್ಟುಕೊಂಡ ಅಜ್ಜಂಪುರದ ಕಡೆಯಿಂದ, ಅಡಿಕೆ ತೋಟ ಅಣ್ಣತಮ್ಮಂದಿರಲ್ಲಿ ಪಾಲಾಗಿ ಒಂದೊಂದು ತುಂಡು ಉಳಿದ ತರೀಕೆರೆಯ ಮನೆಯಿಂದ ಐಟಿಐ, ಡಿಪ್ಲೊಮಾ ಮುಗಿಸಿದ ಹುಡುಗರು ಹೊರಡುವುದು ಬಿಡದಿ, ನರಸಾಪುರ, ಹೊಸಕೋಟೆ, ಪೀಣ್ಯದ ಕಡೆಗೆ. ತರೀಕೆರೆ ಹಾದು ಬರುವ ಶಿವಮೊಗ್ಗದ ಹಳಿ, ಅಜ್ಜಂಪುರ ಹಾದು ಬರುವ ಹುಬ್ಬಳ್ಳಿಯ ಹಳಿ ಎರಡೂ ಬೀರೂರು ಜಂಕ್ಷನ್ನಿನಲ್ಲಿ ಕೂಡುತ್ತವೆ. ಹಬ್ಬ ಮುಗಿದ ಮಾರನೆಯ ದಿನ ಆ ಪ್ಲಾಟ್‌ಫಾರ್ಮಿನಲ್ಲಿ ನಿಂತು ನೋಡಿ: ಬೆನ್ನಿಗೆ ಬ್ಯಾಗು, ಕೈಯಲ್ಲಿ ಅಮ್ಮ ಕಟ್ಟಿಕೊಟ್ಟ ರೊಟ್ಟಿ, ಚಟ್ನಿಪುಡಿಯ ಕೈಚೀಲ ಹಿಡಿದ ಹುಡುಗರಲ್ಲಿ ಎಷ್ಟೋ ಮಂದಿ ವಾಹನದ ಯಾವುದೋ ಒಂದು ಭಾಗ ಮಾಡುವ ಕಡೆಗೆ ಹೊರಟವರು.

ಈ ಹುಡುಗರ ಬಗ್ಗೆ ಈಗಲೇ ಒಂದು ಎಚ್ಚರಿಕೆ ಹೇಳಬೇಕಾಗಿದೆ. ಕಾರು ಉದ್ಯಮದಲ್ಲಿ ಸಂಬಳ ಚೆನ್ನಾಗಿದೆ, ವರ್ಷವರ್ಷ ಏರುತ್ತದೆ ಎಂಬ ಮಾತನ್ನು ನಂಬಿ ಮನೆಯವರು ಮಗಳ ಮದುವೆ, ಬೋರ್‌ವೆಲ್, ಮನೆ ರಿಪೇರಿಯ ಸಾಲಕ್ಕೆ ಕೈ ಹಾಕುತ್ತಾರೆ. ಆ ಮಾತು ಸುಳ್ಳಲ್ಲ. ಆದರೆ ಅದು ಒಳಗೆ ಕಾಯಂ ಆಗಿ ಕೂತವರ ಮಟ್ಟಿಗೆ ನಿಜ. ಹೊಸದಾಗಿ ಗೇಟು ದಾಟುವವನ ಪಾಲಿಗೆ ಸಂಬಳವೂ ಬೇರೆ, ಕೆಲಸದ ಅವಧಿಯೂ ಬೇರೆ. ಮಾರಾಟ ಜೋರಾಗಿರುವಾಗ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ, ಓಟಿ ಸಿಗುತ್ತದೆ, ಕೈಗೆ ನಾಲ್ಕು ಕಾಸು ಹೆಚ್ಚೇ ಬರುತ್ತದೆ. ಮಾರಾಟ ಬಿದ್ದ ತಿಂಗಳು ಮೊದಲು ವಾಪಸು ಬರುವವನು ಅವನೇ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದ ಮೇಲೆ ಶೋರೂಮುಗಳಲ್ಲಿ ಜನ ತುಂಬಿದರು. ಇಂಥ ಒಳ್ಳೆಯ ಕಾಲದಲ್ಲಿ ಹೇಳದಿದ್ದರೆ ಕೆಟ್ಟ ಕಾಲದಲ್ಲಿ ಹೇಳಿ ಪ್ರಯೋಜನವಿಲ್ಲ.

ಕಾರು ಮಾಡುವ ದೇಶಗಳಲ್ಲೆಲ್ಲ ಇದು ನಡೆದಿದೆ. 1914ರ ಜನವರಿಯಲ್ಲಿ ಹೆನ್ರಿ ಫೋರ್ಡ್ ದಿನಕ್ಕೆ 5 ಡಾಲರ್ ಕೊಡುವುದಾಗಿ ಸಾರಿದಾಗ ಅಮೆರಿಕದ ಅವನ ಕಾರ್ಖಾನೆಯಲ್ಲಿ ಕೂಲಿ ಹೆಚ್ಚುಕಡಿಮೆ ದುಪ್ಪಟ್ಟಾಯಿತು, ದಿನದ ಕೆಲಸ 8 ಗಂಟೆಗೆ ಇಳಿಯಿತು. ಲೈನ್ ಕೆಲಸ ತಾಳಲಾರದೆ ಜನ ಬಿಟ್ಟುಹೋಗುತ್ತಿದ್ದರು, ದಿನವೂ ಹೊಸಬರನ್ನು ತಂದು ಕಲಿಸುವ ಖರ್ಚು ಕಂಪನಿಗೆ ಭಾರವಾಗಿತ್ತು. ಕೆಲಸಗಾರ ಉಳಿಯಬೇಕು ಎಂದು ಮಾಲೀಕನಿಗೆ ಅನಿಸಿದಾಗ ಕೂಲಿ ಏರುತ್ತದೆ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು. 2007ಕ್ಕೆ ಬನ್ನಿ. ಡೆಟ್ರಾಯಿಟ್‌ನ ಮೂರು ದೊಡ್ಡ ಕಂಪನಿಗಳು ಸಂಕಟದಲ್ಲಿದ್ದವು. ಯುನೈಟೆಡ್ ಆಟೊ ವರ್ಕರ್ಸ್ ಎಂಬ ಬಲವಾದ ಸಂಘವೇ ಆಗ ಒಂದು ಷರತ್ತಿಗೆ ಒಪ್ಪಿಕೊಂಡಿತು: ಹಳಬರ ಸಂಬಳ ಇದ್ದಂತೆ ಇರಲಿ, ಇನ್ನು ಮುಂದೆ ಸೇರುವವರಿಗೆ ಕಡಿಮೆ ದರ. ಹಳಬನಿಗೆ ಗಂಟೆಗೆ ಸುಮಾರು 28 ಡಾಲರ್, ಪಕ್ಕದಲ್ಲಿ ನಿಂತು ಅದೇ ಬೋಲ್ಟ್ ಬಿಗಿಯುವ ಹೊಸಬನಿಗೆ 14. ಇದನ್ನು ಸರಿಪಡಿಸಲು 2023ರ ಸೆಪ್ಟೆಂಬರ್ 15ರಿಂದ ಆರು ವಾರಗಳ ಮುಷ್ಕರ ಬೇಕಾಯಿತು. ಶೇ 25ರಷ್ಟು ಏರಿಕೆ ಸಿಕ್ಕಿತು, ಮೇಲ್ದರ್ಜೆಯ ದರ 2028ರ ವೇಳೆಗೆ ಗಂಟೆಗೆ 40 ಡಾಲರ್ ದಾಟುವುದೆಂದು ಬರೆದಾಯಿತು, ಹೊಸಬ ಆ ದರ ಮುಟ್ಟಲು ಬೇಕಿದ್ದ 8 ವರ್ಷ 3 ವರ್ಷಕ್ಕೆ ಇಳಿಯಿತು. ಹೊಸಬರ ಸಂಬಳವನ್ನು ಒಂದು ಸಹಿಯಲ್ಲಿ ಬಿಟ್ಟುಕೊಟ್ಟದ್ದನ್ನು ವಾಪಸು ಪಡೆಯಲು 16 ವರ್ಷ ಹಿಡಿದಿದೆ. ಅಷ್ಟರಲ್ಲಿ ಒಂದು ತಲೆಮಾರಿನ ಯೌವನವೇ ಕಳೆದುಹೋಗಿತ್ತು.

ಜಪಾನಿನ ಕಥೆ ನಮಗೆ ಇನ್ನೂ ಹತ್ತಿರದ್ದು. ಬಿಡದಿಗೆ ಬಂದ ಟೊಯೊಟಾ ಕಂಪನಿ ಅಲ್ಲಿಯದು ಎನ್ನುವುದಷ್ಟೇ ಕಾರಣವಲ್ಲ, ಕಾನೂನು ಬದಲಾದ ಕ್ರಮವೂ ಒಂದೇ ಥರ ಇದೆ. ಏಜೆನ್ಸಿಗಳ ಮೂಲಕ ಕಳಿಸುವ ತಾತ್ಕಾಲಿಕ ಕೆಲಸಗಾರರನ್ನು ಕಾರ್ಖಾನೆಯ ಲೈನಿನಲ್ಲಿ ದುಡಿಸಲು ಜಪಾನ್ 2004ರಲ್ಲಿ ಅನುಮತಿ ಕೊಟ್ಟಿತು. ನಾಲ್ಕು ವರ್ಷ ಎಲ್ಲವೂ ಸರಾಗ. ಕಾರು ರಫ್ತು ಏರುತ್ತಿತ್ತು, ಹಳ್ಳಿ ಮತ್ತು ಸಣ್ಣ ಊರುಗಳ ಹುಡುಗರು ಕಾರ್ಖಾನೆ ಪಟ್ಟಣಗಳಿಗೆ ಬಂದು ಏಜೆನ್ಸಿಯವರ ಹಾಸ್ಟೆಲುಗಳಲ್ಲಿ ಉಳಿದರು. 2008ರ ಕೊನೆಗೆ ಜಗತ್ತಿನ ಮಾರುಕಟ್ಟೆ ಕುಸಿದಾಗ ಮೊದಲು ಮುಗಿದದ್ದು ಇವರ ಕಾಂಟ್ರಾಕ್ಟು. ಕೆಲಸದ ಜೊತೆಗೇ ಹಾಸ್ಟೆಲಿನ ಹಾಸಿಗೆಯೂ ಹೋಯಿತು. ಆ ವರ್ಷದ ಕೊನೆಯ ರಾತ್ರಿ ಟೋಕಿಯೊದ ಹಿಬಿಯಾ ಪಾರ್ಕಿನಲ್ಲಿ ಸಂಘಟನೆಗಳು ಟೆಂಟು ಹಾಕಿ ಬಿಸಿಯೂಟ ಬಡಿಸಿದವು. ಸಾಲಿನಲ್ಲಿ ನಿಂತವರಲ್ಲಿ ಕೆಲವೇ ವಾರಗಳ ಹಿಂದೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರಿದ್ದರು. ಅದೇ ಜಪಾನಿನಲ್ಲಿ 2024ರ ವಸಂತದ ಮಾತುಕತೆಯಲ್ಲಿ ಟೊಯೊಟಾ ಸಂಘದ ಬೇಡಿಕೆಯನ್ನು ಪೂರ್ತಿ ಒಪ್ಪಿಕೊಂಡು 25 ವರ್ಷಗಳಲ್ಲೇ ದೊಡ್ಡ ಏರಿಕೆ ಕೊಟ್ಟಿತು. ದೊಡ್ಡ ಸಂಘಗಳ ಸರಾಸರಿ ಏರಿಕೆ 33 ವರ್ಷಗಳಲ್ಲಿ ಮೊದಲ ಬಾರಿಗೆ ಶೇ 5 ದಾಟಿತು. ಎರಡೂ ಸುದ್ದಿ ಒಂದೇ ದೇಶದವು. ನಮ್ಮ ಊರಿನ ಹುಡುಗ ಇವುಗಳಲ್ಲಿ ಯಾವ ಸುದ್ದಿಯ ಒಳಗಿದ್ದಾನೆ ಎಂದು ನಾವು ಕೇಳಿಕೊಳ್ಳಬೇಕು.

ಜರ್ಮನಿಯಲ್ಲಿ 2024ರ ಡಿಸೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಮತ್ತು ಐಜಿ ಮೆಟಲ್ ಸಂಘ ಒಪ್ಪಂದಕ್ಕೆ ಬಂದವು. 2030ರ ಒಳಗೆ 35,000ಕ್ಕೂ ಹೆಚ್ಚು ಹುದ್ದೆ ಕಡಿತ, ಆದರೆ ಯಾರನ್ನೂ ಬಲವಂತವಾಗಿ ಹೊರಹಾಕುವಂತಿಲ್ಲ. ಪತ್ರಿಕೆಗಳೆಲ್ಲ ಈ 35,000ದ ಮೇಲೆ ಬರೆದವು. ಅದೇ ಒಪ್ಪಂದದಲ್ಲಿ ಇನ್ನೊಂದು ಸಾಲಿತ್ತು: ವರ್ಷಕ್ಕೆ 1,400 ಹುಡುಗರನ್ನು ತರಬೇತಿಗೆ ತೆಗೆದುಕೊಳ್ಳುತ್ತಿದ್ದುದು 2026ರಿಂದ 600ಕ್ಕೆ ಇಳಿಯುತ್ತದೆ. ಒಳಗಿದ್ದವರನ್ನು ಉಳಿಸಿಕೊಳ್ಳಲು ಬಾಗಿಲನ್ನೇ ಕಿರಿದು ಮಾಡಿದರು. ಸಂಘದ ಮೇಲೆ ತಪ್ಪು ಹೊರಿಸುವುದು ಸುಲಭ, ಆದರೆ ಇನ್ನೂ ಗೇಟಿನ ಹೊರಗಿರುವವನಿಗೆ ಯಾವ ದೇಶದಲ್ಲೂ ಸಂಘವಿಲ್ಲ.

ಬೇರೆ ದಾರಿಯೂ ಇದೆ ಎಂಬುದಕ್ಕೆ ಚೀನಾದ ಒಂದು ಪ್ರಸಂಗ ಹೇಳಬೇಕು. 2010ರ ಮೇ ತಿಂಗಳಲ್ಲಿ ಫೊಶಾನ್ ನಗರದಲ್ಲಿ ಹೋಂಡಾ ಕಾರುಗಳಿಗೆ ಗೇರ್‌ಬಾಕ್ಸ್ ಮಾಡುವ ಕಾರ್ಖಾನೆ ನಿಂತುಹೋಯಿತು. ಅಲ್ಲಿ ದುಡಿಯುತ್ತಿದ್ದವರಲ್ಲಿ ತಾಂತ್ರಿಕ ಶಾಲೆಗಳಿಂದ ಕಳಿಸಿದ ಇಂಟರ್ನ್ ಹುಡುಗ ಹುಡುಗಿಯರು ಬಹಳ ಮಂದಿ, ನಮ್ಮ ಐಟಿಐ ಮಕ್ಕಳ ಥರದವರೇ. ಕಾಯಂನವರೂ ಇಂಟರ್ನ್‌ಗಳೂ ಒಟ್ಟಾಗಿ ಕೆಲಸ ನಿಲ್ಲಿಸಿದರು. ಗೇರ್‌ಬಾಕ್ಸ್ ಇಲ್ಲದೆ ಚೀನಾದಲ್ಲಿನ ಹೋಂಡಾದ ಕಾರು ಜೋಡಣೆಯೇ ನಿಂತಿತು. ಕೊನೆಗೆ ತಿಂಗಳಿಗೆ ಸುಮಾರು 500 ಯುವಾನ್ ಏರಿಕೆ ಸಿಕ್ಕಿತು, ಇಂಟರ್ನ್‌ಗಳ ಭತ್ಯೆಯೂ ಏರಿತು. ಮೆಕ್ಸಿಕೋದ ಸಿಲಾವೊದಲ್ಲಿ ಜನರಲ್ ಮೋಟರ್ಸ್ ಕಾರ್ಮಿಕರು 2022ರಲ್ಲಿ ಆಡಳಿತದ ಜೇಬಿನಲ್ಲಿದ್ದ ಹಳೆಯ ಸಂಘವನ್ನು ಬಿಟ್ಟು ಹೊಸ ಸಂಘಕ್ಕೆ ಮತ ಹಾಕಿ ಶೇ 8.5 ಏರಿಕೆ ಪಡೆದರು. ಹೊಸಬರನ್ನು ಜೊತೆಗೆ ಸೇರಿಸಿಕೊಂಡ ಕಡೆ, ನಿಜವಾದ ಪ್ರತಿನಿಧಿಗಳಿದ್ದ ಕಡೆ ಕೂಲಿ ಏರಿದೆ.

ಇನ್ನು ನಮ್ಮ ದೇಶ. 2012ರ ಜುಲೈ 18ರಂದು ಹರಿಯಾಣದ ಮಾನೇಸರ್‌ನ ಮಾರುತಿ ಸುಜುಕಿ ಕಾರ್ಖಾನೆಯಲ್ಲಿ ನಡೆದ ಗಲಭೆಯಲ್ಲಿ ಒಬ್ಬ ಮಾನವ ಸಂಪನ್ಮೂಲ ಅಧಿಕಾರಿ ಪ್ರಾಣ ಕಳೆದುಕೊಂಡರು. ಆ ಸಾವನ್ನು ಯಾವ ಬೇಡಿಕೆಯೂ ಸಮರ್ಥಿಸುವುದಿಲ್ಲ. ಆದರೆ ಅಲ್ಲಿ ವರ್ಷಗಟ್ಟಲೆ ಹೊಗೆಯಾಡುತ್ತಿದ್ದ ವಿಷಯಗಳಲ್ಲಿ ಒಂದು, ಒಂದೇ ಲೈನಿನ ಕಾಯಂ ಮತ್ತು ಗುತ್ತಿಗೆ ಕೆಲಸಗಾರರ ಸಂಬಳದ ಅಂತರ. ಮುಂದಿನ ವರ್ಷಗಳಲ್ಲಿ ಅಲ್ಲಿ ಕಾಯಂನವರ ಸಂಬಳ ಚೆನ್ನಾಗಿ ಏರಿತು. ಅದರ ಕೆಳಗೆ ಏಳು ತಿಂಗಳಿಗೊಮ್ಮೆ ಮುಗಿಯುವ ತಾತ್ಕಾಲಿಕ ಕೆಲಸದ ಪದ್ಧತಿ ಬೇರೂರಿತು. 2019ರ ಆಗಸ್ಟಿನಲ್ಲಿ ದೇಶದ ಪ್ರಯಾಣಿಕ ವಾಹನಗಳ ಮಾರಾಟ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಮೂರನೇ ಒಂದು ಭಾಗದಷ್ಟು ಬಿದ್ದಾಗ ಮಾರುತಿ ಕಂಪನಿಯ ಅಧ್ಯಕ್ಷರೇ ಹೇಳಿದಂತೆ ಸುಮಾರು 3,000 ತಾತ್ಕಾಲಿಕ ಕೆಲಸಗಾರರ ಕಾಂಟ್ರಾಕ್ಟು ನವೀಕರಣವಾಗಲಿಲ್ಲ. ಡೀಲರುಗಳು, ಬಿಡಿಭಾಗದವರು ಸೇರಿ ಇಡೀ ಉದ್ಯಮದಲ್ಲಿ ಸುಮಾರು 3.5 ಲಕ್ಷ ಮಂದಿ ಕೆಲಸ ಕಳೆದುಕೊಂಡರೆಂದು ರಾಯಿಟರ್ಸ್ ಆಗ ವರದಿ ಮಾಡಿತ್ತು. ದೇಶದ ಸಂಘಟಿತ ಕಾರ್ಖಾನೆಗಳ ಕಾರ್ಮಿಕರಲ್ಲಿ ಗುತ್ತಿಗೆಯವರ ಪಾಲು ಈ ಶತಮಾನದ ಆರಂಭದಲ್ಲಿ ಕಾಲುಭಾಗಕ್ಕಿಂತ ಕಡಿಮೆ ಇತ್ತು. ಸರ್ಕಾರದ ವಾರ್ಷಿಕ ಕೈಗಾರಿಕಾ ಸಮೀಕ್ಷೆಯ ಇತ್ತೀಚಿನ ಲೆಕ್ಕದಲ್ಲಿ ಅದು ಶೇ 40 ದಾಟಿದೆ.

ಬಿಡದಿಯ ಇತಿಹಾಸವನ್ನು ನಮ್ಮವರು ಇನ್ನೂ ಹತ್ತಿರದಿಂದ ಬಲ್ಲರು. ಟೊಯೊಟಾ ಕಿರ್ಲೋಸ್ಕರ್ ಮೋಟರ್ 1997ರಲ್ಲಿ ಸ್ಥಾಪನೆಯಾಗಿ 1999ರ ಕೊನೆಗೆ ಕ್ವಾಲಿಸ್ ಹೊರತಂದಾಗ ಕರ್ನಾಟಕಕ್ಕೆ ಅದು ಹೆಮ್ಮೆಯ ದಿನ. ಅಲ್ಲಿ ಕಾಯಂ ಆದ ಹುಡುಗನ ಮನೆಗೆ ಹೆಣ್ಣು ಕೊಡಲು ಜನ ತಾವಾಗಿ ಬರುತ್ತಿದ್ದರು. ಅದೇ ಜಾಗದಲ್ಲಿ 2006ರಲ್ಲಿ ಲಾಕೌಟ್ ಆಯಿತು. 2014ರ ಮಾರ್ಚಿನಲ್ಲಿ ತಿಂಗಳ ಸಂಬಳಕ್ಕೆ 4,000 ರೂಪಾಯಿ ಏರಿಕೆ ಕೇಳಿದ ಸಂಘಕ್ಕೂ 3,000ದ ಆಸುಪಾಸಿನಲ್ಲಿ ನಿಂತ ಆಡಳಿತಕ್ಕೂ ಹೊಂದಾಣಿಕೆಯಾಗದೆ ಮತ್ತೆ ಲಾಕೌಟ್. 2020ರ ನವೆಂಬರಿನಲ್ಲಿ ಒಬ್ಬ ಕಾರ್ಮಿಕನ ಅಮಾನತಿನಿಂದ ಶುರುವಾಗಿ ಕೆಲಸದ ಒತ್ತಡದ ಪ್ರಶ್ನೆಗೆ ಬೆಳೆದ ಜಗಳ ಮೂರು ತಿಂಗಳಿಗೂ ಹೆಚ್ಚು ಕಾಲ ಎಳೆಯಿತು. ಅದೇ ವರ್ಷ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ, ಅದು ಮೊಬೈಲ್ ಫೋನಿನದು, ಸಂಬಳ ಸರಿಯಾಗಿ ಬರಲಿಲ್ಲವೆಂದು ಸಿಟ್ಟಾದವರು ಗಾಜು ಒಡೆದರು. ಅಲ್ಲಿ ಬಹುಪಾಲು ಜನ ಏಜೆನ್ಸಿಗಳ ಮೂಲಕ ಬಂದವರು. ಸಂಬಳ ಕಡಿಮೆಯಾಗಿದೆ ಎಂದು ಕಂಪನಿಯನ್ನು ಕೇಳಿದರೆ ಏಜೆನ್ಸಿಯ ಕಡೆ ಬೆರಳು, ಏಜೆನ್ಸಿಯನ್ನು ಕೇಳಿದರೆ ಕಂಪನಿಯ ಕಡೆ. ಬಿಡದಿಯ ಜಗಳಗಳಲ್ಲಿ ಕೊನೆಗೂ ಮಾತಾಡಲು ಒಂದು ಸಂಘವಿತ್ತು, ಕಾರ್ಮಿಕ ಇಲಾಖೆಯ ಮೇಜಿನ ಮುಂದೆ ಕೂರಲು ಜನ ಇದ್ದರು. ನರಸಾಪುರದ ಹುಡುಗರಿಗೆ ಆ ಮೇಜೇ ಇರಲಿಲ್ಲ. ನಮ್ಮ ಮೂರು ತಾಲ್ಲೂಕುಗಳಿಂದ ಈಗ ಹೊರಡುವವರ ಸ್ಥಿತಿ ಈ ಎರಡನೆಯದಕ್ಕೆ ಹತ್ತಿರ.

ಇತ್ತೀಚೆಗೆ ತರೀಕೆರೆ ಕಡೆಯ ಒಬ್ಬ ತಾಯಿ ಮಗನ ಫೋನಿಗೆ ಬಂದ ಪತ್ರವನ್ನು ಪ್ರಿಂಟ್ ತೆಗೆಸಿ ತಂದಿದ್ದರು. “ಸಾರ್, ಮಗಂಗೆ ಕಾರ್ ಕಂಪ್ನೀಲಿ ಆಯ್ತಂತೆ. ಎಷ್ಟು ವರ್ಷ ಅಂತ ಬರ್ದಿದಾರೆ, ಒಂಚೂರು ನೋಡಿ” ಎಂದರು. ಮೂರು ಪುಟ, ಪೂರ್ತಿ ಇಂಗ್ಲಿಷ್. ತಲೆಬರಹದಲ್ಲಿ ಕಾರು ಕಂಪನಿಯ ಹೆಸರಿಲ್ಲ, ಬೆಂಗಳೂರಿನ ಯಾವುದೋ ಏಜೆನ್ಸಿಯ ಮುದ್ರೆ. ಅವಧಿ ಹನ್ನೊಂದು ತಿಂಗಳು. ಸಂಬಳ ಎಂದಿಲ್ಲ, ಸ್ಟೈಪೆಂಡ್ ಎಂದಿದೆ. ಅದರ ಕೆಳಗೆ ಕ್ಯಾಂಟೀನಿಗೆ ಇಷ್ಟು, ಬಸ್ಸಿಗೆ ಇಷ್ಟು, ಶೂ ಮತ್ತು ಯೂನಿಫಾರ್ಮಿಗೆ ಇಷ್ಟು ಎಂದು ಕಡಿತಗಳ ಸಾಲು. ಪಿಎಫ್ ಸುದ್ದಿಯಿಲ್ಲ, ಇಎಸ್‌ಐ ಸುದ್ದಿಯಿಲ್ಲ. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ, ಅವಧಿ ಮುಗಿದ ಮೇಲೆ ನೌಕರಿ ಕೇಳುವ ಹಕ್ಕು ಇರುವುದಿಲ್ಲ ಎಂಬ ಸಾಲು. ಆ ತಾಯಿಗೆ ಓದಿ ಹೇಳಿದಾಗ ಮಗನಿಗೆ ಫೋನು ಹಚ್ಚಿದರು. ಅವನ ಉತ್ತರ ಇಷ್ಟೇ: “ಎಲ್ರಿಗೂ ಹಿಂಗೇ ಕೊಡೋದಮ್ಮ, ಆಮೇಲೆ ನೋಡ್ಕೊಂಡ್ರಾಯ್ತು.”

ಆ ಪತ್ರದಲ್ಲಿ ಇರುವುದೆಲ್ಲ ಕಾನೂನುಬಾಹಿರ ಎಂದುಕೊಳ್ಳಬೇಡಿ. 1961ರ ಅಪ್ರೆಂಟಿಸ್ ಕಾಯ್ದೆಯ 18ನೇ ಕಲಮಿನ ಪ್ರಕಾರ ಅಪ್ರೆಂಟಿಸ್ ಎಂದರೆ ತರಬೇತಿ ಪಡೆಯುವವನು, ಕಾರ್ಮಿಕನಲ್ಲ. ಕಾರ್ಮಿಕ ಕಾನೂನುಗಳು ಅವನಿಗೆ ಹಾಗೆಯೇ ಅನ್ವಯಿಸುವುದಿಲ್ಲ. ತರಬೇತಿ ಮುಗಿದವನಿಗೆ ಕೆಲಸ ಕೊಡಲೇಬೇಕೆಂಬ ನಿಯಮವೂ ಇಲ್ಲ. ಕಲಿಯುವ ಹುಡುಗನಿಗೆ ಕಲಿಯುವ ಕಾಲ ಬೇಕು, ಅದಕ್ಕೆ ಕಡಿಮೆ ಭತ್ಯೆ ಇರಬಹುದು. ಬಿಡದಿಯಲ್ಲೇ ಟೊಯೊಟಾ 2007ರಲ್ಲಿ ಶುರುಮಾಡಿದ ತಾಂತ್ರಿಕ ತರಬೇತಿ ಸಂಸ್ಥೆ ಹತ್ತನೇ ತರಗತಿ ಮುಗಿಸಿದ ಹಳ್ಳಿ ಮಕ್ಕಳಿಗೆ ಮೂರು ವರ್ಷ ಕೂರಿಸಿ ಕಲಿಸುತ್ತದೆ. ಕಲಿಕೆ ಎಂದರೆ ಅದು. ಆದರೆ ಎರಡನೇ ವಾರದಿಂದಲೇ ಲೈನಿನಲ್ಲಿ ಪೂರ್ತಿ ಶಿಫ್ಟು ನಿಂತು ಬೇರೆಯವರಷ್ಟೇ ಪೀಸು ಕೊಡುವವನನ್ನು ಕಲಿಯುವವನು ಎಂದು ಕರೆದು, ಹನ್ನೊಂದು ತಿಂಗಳಾದ ಮೇಲೆ ಮನೆಗೆ ಕಳಿಸಿ, ಅವನ ಜಾಗಕ್ಕೆ ಇನ್ನೊಬ್ಬ ಕಲಿಯುವವನನ್ನು ತರುವುದು ಕಲಿಕೆಯಲ್ಲ. ಏಣಿಯ ಕೆಳಗಿನ ಮೆಟ್ಟಿಲಲ್ಲೇ ಹುಡುಗನನ್ನು ನಿಲ್ಲಿಸಿ, ಮೇಲಿನ ಮೆಟ್ಟಿಲುಗಳನ್ನು ಎತ್ತಿಟ್ಟುಕೊಂಡ ಹಾಗೆ.

ಲೆಕ್ಕ ಹಾಕಿ ನೋಡೋಣ. 2019ರ ನಿಯಮದಂತೆ ಐಟಿಐ ಪಾಸಾದ ಅಪ್ರೆಂಟಿಸ್‌ಗೆ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 7,000 ರೂಪಾಯಿ, ಡಿಪ್ಲೊಮಾದವನಿಗೆ 8,000. 26 ದಿನಕ್ಕೆ ಹಂಚಿದರೆ ಐಟಿಐ ಹುಡುಗನಿಗೆ ದಿನಕ್ಕೆ 269 ರೂಪಾಯಿ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370. 2025ರ ಮೇ ತಿಂಗಳಲ್ಲಿ ಕೇಂದ್ರದ ಅಪ್ರೆಂಟಿಸ್‌ಶಿಪ್ ಮಂಡಳಿ ಸ್ಟೈಪೆಂಡನ್ನು ಶೇ 36ರಷ್ಟು ಏರಿಸಲು ಶಿಫಾರಸು ಮಾಡಿತು. ಆ ಏರಿಕೆ ಸೇರಿಸಿದರೂ ಐಟಿಐ ಹುಡುಗನಿಗೆ ದಿನಕ್ಕೆ 366. ಅಂದರೆ ಎರಡು ವರ್ಷ ಫಿಟ್ಟರ್ ಟ್ರೇಡ್ ಓದಿ, ಊರು ಬಿಟ್ಟು, ಪಿ.ಜಿ. ಬಾಡಿಗೆ ಕಟ್ಟಿ, ರಾತ್ರಿ ಶಿಫ್ಟು ನಿಂತವನಿಗೆ ಕಾನೂನು ಖಾತ್ರಿ ಕೊಡುವ ಮೊತ್ತ ಊರಿನ ಕೆರೆ ಹೂಳೆತ್ತುವ ಕೂಲಿಯನ್ನೂ ಮುಟ್ಟುವುದಿಲ್ಲ. ದೊಡ್ಡ ಕಂಪನಿಗಳು ಇದಕ್ಕಿಂತ ಹೆಚ್ಚು ಕೊಡುತ್ತವೆ, ನಿಜ. ಆದರೆ ಅದು ಮಾರಾಟ ಜೋರಾಗಿರುವ ಕಾಲದ ಧಾರಾಳ. ಅವರು ನಾಳೆ ಇಳಿಸಿದರೆ ಎಲ್ಲಿಯವರೆಗೆ ಇಳಿಸಬಹುದು ಎಂದು ಹೇಳುವುದು ಈ ಕನಿಷ್ಠವೇ.

ಕೆಳಗೆ ಬೀಳುವುದು ಎಂದರೇನು ಎಂದು ತರೀಕೆರೆಯವರಿಗೆ ಯಾರೂ ಹೊರಗಿನಿಂದ ಬಂದು ಹೇಳಬೇಕಿಲ್ಲ. ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕುಲುಮೆ ಸೇರುತ್ತಿದ್ದ ಕಾಲದಲ್ಲಿ ಕಬ್ಬಿಣದ ಕಾರ್ಖಾನೆ, ಪೇಪರ್ ಮಿಲ್ಲು ಎಂದರೆ ಈ ಸೀಮೆಯ ಎಷ್ಟೋ ಮನೆಗಳ ಒಲೆ. ಮೈಸೂರು ಪೇಪರ್ ಮಿಲ್ಸ್ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. 2023ರ ಜನವರಿಯಲ್ಲಿ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಗೇಟಿನ ಮುಂದೆ ಧರಣಿ ಕೂತವರು ಗುತ್ತಿಗೆ ಕಾರ್ಮಿಕರು. ಅಪ್ಪ ಕಾಯಂ, ಮಗ ಅದೇ ಕಾರ್ಖಾನೆಯಲ್ಲಿ ಗುತ್ತಿಗೆ ಎಂಬ ಮನೆಗಳು ಅಲ್ಲಿದ್ದವು. ಅಪ್ಪನಿಗೆ ಪಿಂಚಣಿಯ ಒಂದಿಷ್ಟು ಆಧಾರ, ಮಗನಿಗೆ ಈ ತಿಂಗಳು ಎಷ್ಟು ದಿನ ಕೆಲಸ ಸಿಕ್ಕೀತು ಎಂಬ ಚಿಂತೆ. ಭದ್ರಾವತಿಯಲ್ಲಿ ಇದಾಗಲು ಎರಡು ತಲೆಮಾರು ಹಿಡಿಯಿತು. ಕಾರು ಉದ್ಯಮದಲ್ಲಿ ಅದು ಒಬ್ಬನೇ ಹುಡುಗನ ಹತ್ತು ವರ್ಷದಲ್ಲಿ ಆಗಿಹೋಗಬಹುದು.

ಹೀಗೆನ್ನಲು ಇನ್ನೊಂದು ಕಾರಣವಿದೆ. ಕಾರು ಬ್ಯಾಟರಿಯತ್ತ ಹೊರಳುತ್ತಿದೆ. ಬ್ಯಾಟರಿ ಕಾರಿಗೆ ಪಿಸ್ಟನ್ ಬೇಡ, ಸಿಲಿಂಡರ್ ಲೈನರ್ ಬೇಡ, ಡೀಸೆಲ್ ಪಂಪು ಬೇಡ. ಶಿವಮೊಗ್ಗ, ಮಾಚೇನಹಳ್ಳಿಯ ಫೌಂಡ್ರಿಗಳಲ್ಲಿ ಎರಕ ಹೊಯ್ಯುವುದು ಬಹುಮಟ್ಟಿಗೆ ವಾಹನಗಳ ಭಾಗಗಳಿಗೆ. ತರೀಕೆರೆಯಿಂದ ದಿನವೂ ಹೋಗಿಬರಬಹುದಾದ ದೂರದ ಕೆಲಸಗಳಿವು. ಬದಲಾವಣೆ ನಾಳೆಯೇ ಬರುವುದಿಲ್ಲ, ಹೈಬ್ರಿಡ್ ಕಾರುಗಳು ಎಂಜಿನ್ನಿಗೆ ಇನ್ನಷ್ಟು ವರ್ಷ ಆಯುಸ್ಸು ಕೊಡುತ್ತವೆ. ಆದರೆ ಬಂಡವಾಳ ಹೂಡಿಕೆಯ ದೊಡ್ಡ ಸುದ್ದಿ ಬಂದಾಗಲೆಲ್ಲ ಅದರ ಹಿಂದಿನ ಭಾಗಾಕಾರ ಮಾಡುವುದನ್ನು ಕಲಿಯಬೇಕು. 2023ರ ನವೆಂಬರಿನಲ್ಲಿ ಬಿಡದಿಯಲ್ಲಿ ಟೊಯೊಟಾದ ಮೂರನೇ ಘಟಕಕ್ಕೆ 3,300 ಕೋಟಿ ರೂಪಾಯಿಯ ಒಪ್ಪಂದವಾಯಿತು, ಸುಮಾರು 2,000 ಉದ್ಯೋಗ ಎಂದು ಹೇಳಿದರು. ಒಂದು ಉದ್ಯೋಗಕ್ಕೆ 1 ಕೋಟಿ 65 ಲಕ್ಷ. ರೋಬೋಟು ತುಂಬಿದ ಕಾರ್ಖಾನೆಯ ಸಹಜ ಲೆಕ್ಕ ಅದು, ತಪ್ಪು ಯಾರದೂ ಅಲ್ಲ. ಆದರೆ 3,300 ಕೋಟಿ ಎಂಬುದನ್ನು ಕೇಳಿ ಮಗನನ್ನು ಐಟಿಐಗೆ ಸೇರಿಸುವ ಕಡೂರಿನ ತಂದೆಗೆ ಆ 2,000ದಲ್ಲಿ ಎಷ್ಟು ಕಾಯಂ, ಎಷ್ಟು ಟ್ರೇನಿ ಎಂದು ಯಾರೂ ಹೇಳಲಿಲ್ಲ.

ವಿಧಾನಸೌಧದಲ್ಲಿಯೂ ಈ ಪ್ರಶ್ನೆ ಏಳಲಿಲ್ಲ. 2024ರ ಜುಲೈನಲ್ಲಿ ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಆಡಳಿತೇತರ ಹುದ್ದೆಗಳಲ್ಲಿ ಶೇ 70 ಮೀಸಲು ಎಂಬ ಮಸೂದೆ ಸಂಪುಟದ ಒಪ್ಪಿಗೆ ಪಡೆದು, ಉದ್ಯಮಿಗಳ ವಿರೋಧಕ್ಕೆ ತಡೆಹಿಡಿಯಲ್ಪಟ್ಟಿತು. ವಾದವೆಲ್ಲ ಎಷ್ಟು ಮಂದಿ ಕನ್ನಡಿಗರು ಎಂಬುದರ ಮೇಲೇ ನಡೆಯಿತು. ಶೇ 100 ಕನ್ನಡಿಗರನ್ನೇ ತೆಗೆದುಕೊಂಡು ಹನ್ನೊಂದು ತಿಂಗಳಿಗೊಮ್ಮೆ ಬದಲಿಸುತ್ತ ಹೋದರೆ ಕನ್ನಡಿಗನಿಗೆ ಸಿಕ್ಕಿದ್ದೇನು ಎಂದು ಕೇಳುವವರಿರಲಿಲ್ಲ. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು 4,636 ಕೋಟಿ ರೂಪಾಯಿ ವೆಚ್ಚದಲ್ಲಿ ಮೇಲ್ದರ್ಜೆಗೇರಿಸಿದ್ದು ನಿಜಕ್ಕೂ ಒಳ್ಳೆಯ ಕೆಲಸ. ಸಿಎನ್‌ಸಿ ಯಂತ್ರ, ರೋಬೋಟು, ವಿದ್ಯುತ್ ವಾಹನದ ಪಾಠ ಹಳ್ಳಿ ಮಕ್ಕಳಿಗೂ ಬಂತು. ಅಷ್ಟು ಕಲಿತವನು ಹೊರಗೆ ಬಂದು ದಿನಕ್ಕೆ 269 ರೂಪಾಯಿಯ ಕನಿಷ್ಠದ ಮೇಲೆ ನಿಲ್ಲಬೇಕಾದರೆ ಆ ಖರ್ಚಿನ ಲಾಭ ಯಾರ ಜೇಬಿಗೆ ಹೋಗುತ್ತಿದೆ ಎಂದು ನಮ್ಮ ಮೂರೂ ತಾಲ್ಲೂಕುಗಳ ಜನಪ್ರತಿನಿಧಿಗಳು ಸದನದಲ್ಲಿ ಕೇಳಬೇಕು. ಇದರಲ್ಲಿ ಪಕ್ಷದ ಮಾತಿಲ್ಲ.

2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳಲ್ಲಿ ನಮ್ಮ ಹುಡುಗರಿಗೆ ಹಿಡಿದುಕೊಳ್ಳಲು ಆಗುವ ಎಳೆಗಳೂ ಇವೆ. ಪ್ರತಿ ಕಾರ್ಮಿಕನಿಗೂ ನೇಮಕಾತಿ ಪತ್ರ ಕೊಡಲೇಬೇಕು. ನಿಗದಿತ ಅವಧಿಗೆ ನೇಮಕವಾದವನಿಗೆ ಅದೇ ಕೆಲಸದ ಕಾಯಂನವನಷ್ಟೇ ವೇತನ ಮತ್ತು ಸೌಲಭ್ಯ ಕೊಡಬೇಕು, ಒಂದು ವರ್ಷ ಪೂರೈಸಿದರೆ ಗ್ರಾಚ್ಯುಟಿಯೂ ಉಂಟು. ಇವು ಸಣ್ಣ ಮಾತುಗಳಲ್ಲ. ಆದರೆ ಅದೇ ಸಂಹಿತೆಗಳಲ್ಲಿ ನಿಗದಿತ ಅವಧಿಯ ನೇಮಕವನ್ನು ಎಷ್ಟು ಸಲ ಮಾಡಬಹುದು ಎಂಬುದಕ್ಕೆ ಮಿತಿ ಹಾಕಿಲ್ಲ. ಮುಚ್ಚಲು, ಜನರನ್ನು ಇಳಿಸಲು ಸರ್ಕಾರದ ಅನುಮತಿ ಬೇಕಾದ ಕಾರ್ಖಾನೆಯ ಗಾತ್ರ 100 ಜನರಿಂದ 300ಕ್ಕೆ ಏರಿದೆ. ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸು ಬೇಕು. ಅಪ್ರೆಂಟಿಸ್ ಹುಡುಗನಂತೂ ಈ ರಕ್ಷಣೆಗಳ ಆಚೆಗೇ ಉಳಿದ. ಒಂದು ವರ್ಷಕ್ಕೆ ಗ್ರಾಚ್ಯುಟಿ ಎಂದಾಗ ಹನ್ನೊಂದು ತಿಂಗಳ ಪತ್ರಗಳು ಇನ್ನೂ ಹೆಚ್ಚಾಗುವ ಭಯ ನನಗಿದೆ. ಜಪಾನಿನಲ್ಲಿ 2004ರ ಕಾನೂನಿನ ನಿಜವಾದ ಪರೀಕ್ಷೆ ನಡೆದದ್ದು 2008ರಲ್ಲಿ. ನಮ್ಮ ಪರೀಕ್ಷೆಯ ವರ್ಷ ಇನ್ನೂ ಬಂದಿಲ್ಲ.

ಅದು ಬರುವ ಮೊದಲೇ ಗುರುತಿಸಬಹುದಾದ ಲಕ್ಷಣಗಳು ನಮ್ಮ ಊರಿನಲ್ಲೇ ಕಾಣುತ್ತವೆ, ಷೇರುಪೇಟೆ ನೋಡಬೇಕಿಲ್ಲ. ಒಂದು ಕಂಪನಿಯಲ್ಲಿ ಟ್ರೇನಿಯಾಗಿದ್ದ ಹುಡುಗ ಅಲ್ಲಿ ಮುಗಿದ ಮೇಲೆ ಇನ್ನೊಂದು ಕಂಪನಿಯಲ್ಲೂ ಟ್ರೇನಿಯಾಗಿಯೇ ಸೇರಿದರೆ ಅದು ಮೊದಲ ಲಕ್ಷಣ. ಇಪ್ಪತ್ತೈದು ದಾಟಿದವರನ್ನು ಏಜೆನ್ಸಿಯವರು ಬೇಡವೆನ್ನತೊಡಗಿದರೆ, ಓಟಿ ನಿಂತಿದೆ ಎಂಬ ಮಾತು ಎರಡು ಮೂರು ಮನೆಗಳಿಂದ ಒಟ್ಟಿಗೆ ಕೇಳಿಬಂದರೆ, ಹಬ್ಬಕ್ಕೆ ಬಂದವನು ‘ಬ್ರೇಕ್ ಕೊಟ್ಟಿದ್ದಾರೆ’ ಎಂದು ಹದಿನೈದು ದಿನ ಉಳಿದರೆ, ಮನೆಯವರು ಸಾಲದ ಹೊಸ ಕಂತಿಗೆ ಕೈ ಹಾಕಬಾರದು. ಶಿವಮೊಗ್ಗದ ಫೌಂಡ್ರಿಗಳು ಮೂರು ಶಿಫ್ಟಿನಿಂದ ಎರಡಕ್ಕೆ ಇಳಿದರೆ ಬಿಡದಿಯ ಸುದ್ದಿ ಸ್ವಲ್ಪ ದಿನದಲ್ಲೇ ಬರುತ್ತದೆ.

ಆಗಬೇಕಾದ ಕೆಲಸಗಳಿಗೆ ದೊಡ್ಡ ಹಣವೂ ಬೇಡ, ಹೊಸ ಕಾನೂನೂ ಬೇಡ. ಉದ್ಯೋಗ ಮೇಳಕ್ಕೆ ಬರುವ ಪ್ರತಿ ಕಂಪನಿ, ಪ್ರತಿ ಏಜೆನ್ಸಿ ತಾನು ಕೊಡುವ ಕೆಲಸದ ಅವಧಿ, ಕಡಿತ ಕಳೆದು ಕೈಗೆ ಬರುವ ಮೊತ್ತ, ಪಿಎಫ್ ಮತ್ತು ಇಎಸ್‌ಐ ಇದೆಯೋ ಇಲ್ಲವೋ, ಕಳೆದ ವರ್ಷ ತೆಗೆದುಕೊಂಡವರಲ್ಲಿ ಎಷ್ಟು ಮಂದಿ ಕಾಯಂ ಆದರು ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಮೇಜಿನ ಮುಂದೆ ಅಂಟಿಸಬೇಕು. ಬರೆಯಲು ಒಪ್ಪದವರಿಗೆ ಮೇಳದಲ್ಲಿ ಮೇಜು ಕೊಡಬಾರದು. ಜಿಲ್ಲಾಡಳಿತದ ಒಂದು ಸುತ್ತೋಲೆ ಇದಕ್ಕೆ ಸಾಕು. ನಮ್ಮ ಐಟಿಐ, ಪಾಲಿಟೆಕ್ನಿಕ್‌ಗಳು ಈಗ ಬರೆದಿಡುವುದು ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಎಂಬ ಒಂದೇ ಅಂಕಿ. ಮೂರು ವರ್ಷದ ಮೇಲೆ ಆ ಹುಡುಗ ಎಲ್ಲಿದ್ದಾನೆ, ಕೈಗೆ ಎಷ್ಟು ಬರುತ್ತಿದೆ ಎಂದು ಫೋನು ಮಾಡಿ ಬರೆದಿಟ್ಟರೆ ಯಾವ ಕಂಪನಿಗೆ ಮಕ್ಕಳನ್ನು ಕಳಿಸಬೇಕು, ಯಾವುದಕ್ಕೆ ಬೇಡ ಎಂಬುದು ತಾನಾಗಿ ತಿಳಿಯುತ್ತದೆ. ಒಬ್ಬ ಉಪನ್ಯಾಸಕ, ಒಂದು ರಿಜಿಸ್ಟರ್ ಪುಸ್ತಕ ಇದ್ದರೆ ಆಗುವ ಕೆಲಸ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ ವಾರಕ್ಕೊಂದು ಸಂಜೆ ಇಂಥ ಪತ್ರಗಳನ್ನು ಓದಿ ಹೇಳುವವರೊಬ್ಬರು ಕೂತರೂ ಸಾಕು, ಸಹಿ ಹಾಕುವ ಮೊದಲು ಹುಡುಗನಿಗೆ ತಾನು ಏನಕ್ಕೆ ಸಹಿ ಹಾಕುತ್ತಿದ್ದೇನೆಂದು ಗೊತ್ತಿರುತ್ತದೆ.

ಕಾಯಂ ಆಗಿ ಬಿಡದಿಯಲ್ಲೋ ಹೊಸಕೋಟೆಯಲ್ಲೋ ನೆಲೆಯಾದ ನಮ್ಮ ಸೀಮೆಯ ಅಣ್ಣಂದಿರಿಗೂ ಒಂದು ಮಾತು. ನಿಮ್ಮ ಮುಂದಿನ ವೇತನ ಒಪ್ಪಂದದ ಬೇಡಿಕೆ ಪಟ್ಟಿ ಬರೆಯುವಾಗ ಟ್ರೇನಿ ಎಷ್ಟು ತಿಂಗಳಲ್ಲಿ ಕಾಯಂ ಆಗಬೇಕು, ಲೈನಿನಲ್ಲಿ ನಿಂತ ದಿನದಿಂದ ಅವನಿಗೆ ಎಷ್ಟು ಸಿಗಬೇಕು ಎಂಬ ಎರಡು ಸಾಲುಗಳನ್ನು ಕೆಳಗಲ್ಲ, ಮೇಲೆ ಬರೆಯಿರಿ. ನಿಮ್ಮ ಏರಿಕೆಯಲ್ಲಿ ಐನೂರು ರೂಪಾಯಿ ಕಡಿಮೆಯಾದರೂ ಆ ಸಾಲುಗಳನ್ನು ಬಿಡಬೇಡಿ. ಡೆಟ್ರಾಯಿಟ್‌ನವರು 2007ರಲ್ಲಿ ಬಿಟ್ಟರು. ಆ ಒಪ್ಪಂದಕ್ಕೆ ಕೈಯೆತ್ತಿದ ಹಳಬರ ಮಕ್ಕಳಲ್ಲಿ ಎಷ್ಟೋ ಮಂದಿ ಆಮೇಲೆ ಅದೇ ಗೇಟಿನಲ್ಲಿ ಅರ್ಧ ಸಂಬಳಕ್ಕೆ ಸೇರಿದರು.